ಮಧ್ಯಾಹ್ನದ ಸುದ್ದಿಯಲ್ಲಿ ನಾನು ಸತ್ತದ್ದು

ಹಿಂದೆ ಯಾರಾದರೂ ಸತ್ತರೆ ಬೀಗರ ಊರುಗಳಿಗೆ ಆಳು ಓಡುತ್ತಿದ್ದ. ಅಂಗಳದಲ್ಲೇ ನಿಂತು, ನೀರು ಕೂಡ ಕುಡಿಯದೆ, ಹೇಳಬೇಕಾದದ್ದನ್ನು ಹೇಳಿ ಮುಂದಿನ ಊರಿನ ದಾರಿ ಹಿಡಿಯುತ್ತಿದ್ದ. ಈಗ ನಮ್ಮ ಕಡೆ ಆ ಕೆಲಸವನ್ನು ರೇಡಿಯೋ ಮಾಡುತ್ತದೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ನಿಜ. ಆದರೆ ನೂರು ಮಂದಿಗೆ ಫೋನ್ ಹಚ್ಚಿ ಒಬ್ಬರನ್ನು ಮರೆತರೆ, ಆ ಒಬ್ಬರು ಸಾಯುವ ತನಕ ಮಾತು ಬಿಡುತ್ತಾರೆ. ರೇಡಿಯೋದಲ್ಲಿ ಹೇಳಿಸಿಬಿಟ್ಟರೆ ಕೇಳದವರದೇ ತಪ್ಪು.

ಮೊಮ್ಮಕ್ಕಳೇ, ಹುಕ್ಕೇರಿಯ ಆ ರೇಡಿಯೋ ಕೇಂದ್ರವನ್ನು ನೀವು ಹೊರಗಿನಿಂದ ನೋಡಿದ್ದೀರಿ. ಗೊಬ್ಬರದ ಅಂಗಡಿಯ ಮೇಲೆ ಎರಡು ಕೋಣೆ, ಮಾಳಿಗೆಯ ಮೇಲೆ ಒಂದು ಕಬ್ಬಿಣದ ಕಂಬ. ಬೆಳಿಗ್ಗೆ ಬಾಜಾರದ ದರ ಹೇಳುತ್ತಾರೆ. ಹೊಲದ ಮೋಟಾರಿಗೆ ಕರೆಂಟು ಎಷ್ಟು ಹೊತ್ತಿಗೆ, ಹೊಳೆಗೆ ನೀರು ಬಿಡುತ್ತಾರೋ ಇಲ್ಲವೋ, ಯಾರ ಎಮ್ಮೆ ಕಳೆದಿದೆ, ಯಾರ ಚೀಲ ಬಸ್ಸಿನಲ್ಲಿ ಸಿಕ್ಕಿದೆ ಎಂದೆಲ್ಲ ಹೇಳುತ್ತಾರೆ. ಸಂಜೆ ಮಂದಿ ಫೋನ್ ಹಚ್ಚಿ ಮಾತಾಡುವ 'ಕಟ್ಟಿ ಮಾತು' ಬರುತ್ತದೆ. ಇವೆರಡರ ನಡುವೆ, ಮಧ್ಯಾಹ್ನದ ಸುದ್ದಿಯ ಕೊನೆಗೆ, ಸತ್ತವರ ಹೆಸರು. ಯಾವ ಊರು, ಯಾರ ಹೆಂಡತಿ ಅಥವಾ ಯಾರ ಮಗ, ಮಣ್ಣು ಎಷ್ಟು ಹೊತ್ತಿಗೆ. ಹೊಲದಲ್ಲಿ ಕಸ ತೆಗೆಯುವ ಹೆಂಗಸರೂ ಆ ಹೊತ್ತಿಗೆ ಕುರ್ಪಿ ಕೆಳಗಿಟ್ಟು ಕಿವಿಗೊಡುತ್ತಾರೆ. ಗುರುತಿನವರ ಹೆಸರು ಬರದಿದ್ದರೆ ತುಸು ನಿರಾಸೆಯಾದವರಂತೆ ಮತ್ತೆ ಬಗ್ಗುತ್ತಾರೆ. ನಾನೂ ಅವರಲ್ಲಿ ಒಬ್ಬಳೇ.

ಅಲ್ಲಿ ಸುದ್ದಿ ಓದುವ ಹುಡುಗಿ ಒಮ್ಮೆ ನಮ್ಮ ಘೋಡಗೇರಿಗೆ ಬಂದು ಹೆಂಗಸರ ಮಾತುಗಳನ್ನು ತುಂಬಿಕೊಂಡು ಹೋಗಿದ್ದಳು. ಒಬ್ಬಳು ಬಾಣಂತಿಯ ಔಷಧ ಹೇಳಿದಳು, ಒಬ್ಬಳು ಹಾಡಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಿಮ್ಮವ್ವ ನನ್ನನ್ನು ಮುಂದೆ ನೂಕಿ, ನಮ್ಮತ್ತಿಯ ರೊಟ್ಟಿ ಹರಿಯುವುದೇ ಇಲ್ಲ, ಅದನ್ನು ಹೇಳಿಸಿರಿ ಎಂದಳು. ಬಾಯಿಂದ ಹೇಳುವುದು ನನಗೆ ಮೊದಲಿನಿಂದಲೂ ಆಗದು. ಊರ ಸಾಲೆಯಲ್ಲಿ ಉತ್ತರ ಗೊತ್ತಿದ್ದರೂ ಎದ್ದು ಹೇಳದೆ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದವಳು ನಾನು. ಆದರೂ ಕಣ್ಣು ಮುಚ್ಚಿಕೊಂಡು, "ನಮಸ್ಕಾರ್ರಿ. ನಾ ಘೋಡಗೇರಿಯಾಕಿ. ರೊಟ್ಟಿ ಹಿಟ್ಟಿಗೆ ನೀರ ಕುದೀಬೇಕ್ರಿ" ಎಂದು ಶುರು ಮಾಡಿ ಹೇಗೋ ಮುಗಿಸಿದೆ. ಕೇಂದ್ರದವರ ಹತ್ತಿರ ತುಂಬಿಟ್ಟ ಮಾತು ಬಹಳ ಇಲ್ಲವೆಂದು ಕಾಣುತ್ತದೆ. ಅದನ್ನೇ ಮತ್ತೆ ಮತ್ತೆ ಹಾಕಿದರು. ನಾನು ನೀರಿಗೆ ಹೋದರೆ ಸಾಕು, "ನೀರ ಕುದೀಬೇಕ್ರಿ" ಎಂದು ಹುಡುಗಿಯರು ನಗುವಷ್ಟು.

ಈ ನನ್ನ ಮಾತನ್ನು ಪ್ರತಿ ಸಲವೂ ತಪ್ಪದೆ ಕೇಳುತ್ತಿದ್ದವಳು ನನ್ನ ತವರೂರು ಕಣಗಲಾದಲ್ಲಿರುವ ಅಕ್ಕ.

ಅಕ್ಕ ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು, ಅಲ್ಲೇ ಮುದುಕಿಯಾದಳು. ಈಗ ನಮ್ಮ ತಮ್ಮನ ಮನೆಯ ಪಡಸಾಲೆಯಲ್ಲಿ, ಕಿಟಕಿಗೆ ಹತ್ತಿದ ಮಂಚವೇ ಅವಳ ಊರು. ಕಣ್ಣು ಎರಡೂ ಹೋಗಿವೆ. ಹುಕ್ಕೇರಿಯ ರೇಡಿಯೋ ಅಷ್ಟು ದೂರಕ್ಕೆ ಸರಿಯಾಗಿ ಹಿಡಿಯುವುದಿಲ್ಲವೆಂದು ಕಿಟಕಿಯ ಸರಳಿಗೆ ತಂತಿ ಸುತ್ತಿ, ಡಬ್ಬಿಯನ್ನು ಅದಕ್ಕೇ ಕಟ್ಟಿಸಿಕೊಂಡಿದ್ದಾಳೆ. ಮನೆಯಲ್ಲಿ ಎಮ್ಮೆ ಈದರೂ ಆಕೆಗೆ ಯಾರೂ ಹೇಳುವುದಿಲ್ಲ. ಹೊರಗಿನದೆಲ್ಲ ಆ ಡಬ್ಬಿಯಿಂದಲೇ ಆಕೆಗೆ ತಿಳಿಯಬೇಕು.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಹುಚ್ಚಾಟದಂತೆ ಕಾಣುತ್ತದೆ. ಹಾಸಿಗೆ ಹಿಡಿದ ಮುದುಕರಿಗೆ ಸಾವಿನ ಸುದ್ದಿ ಹೇಳಬಾರದೆಂಬುದು ನಮ್ಮಲ್ಲಿ ನಡೆದು ಬಂದದ್ದು. ನಮ್ಮ ದೊಡ್ಡಣ್ಣ ಸತ್ತಾಗ ಅವ್ವ ಹಾಸಿಗೆಯಲ್ಲಿದ್ದಳು. ಅಣ್ಣ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋಗಿದ್ದಾನೆಂದು ಆಕೆಗೆ ಹೇಳಿದವಳು ಅಕ್ಕ. ಹೇಳಿ ಸುಮ್ಮನಾಗಲಿಲ್ಲ. ಆಗಾಗ ಅಣ್ಣನ ಸುದ್ದಿ ತಂದಳು, ಅಣ್ಣ ಕಳಿಸಿದ್ದೆಂದು ಸೀರೆ ತಂದಳು. ಅವ್ವ ಹಟ ಹಿಡಿದಾಗ ಬಾಜೂ ಮನೆಯವನನ್ನು ಕರೆದು ಫೋನಿನಲ್ಲಿ ಅಣ್ಣನ ಧ್ವನಿ ಮಾಡಿಸಿ, "ಆರಾಮ ಅದೇನಿ ಯವ್ವಾ" ಎಂದು ಹೇಳಿಸಿದಳು. ಅವ್ವ ಮಗ ಬದುಕಿದ್ದಾನೆಂದೇ ಕಣ್ಣು ಮುಚ್ಚಿದಳು. ಅಕ್ಕನಂಥ ಗಟ್ಟಿ ಹೆಣ್ಣುಮಗಳಿಲ್ಲ ಎಂದು ಊರು ಹೊಗಳಿತು.

ಹಿಂದಿನ ಚಳಿಗಾಲದಲ್ಲಿ ನನಗೆ ಎದೆಯಲ್ಲಿ ಕಫ ಕಟ್ಟಿ ಉಸಿರಾಟ ನಿಂತು ನಿಂತು ಬರತೊಡಗಿತು. ಗೋಕಾಕದ ದವಾಖಾನೆಯಲ್ಲಿ ಇಟ್ಟರು. ಮೂಗಿಗೆ ನಳಿಗೆ, ಕೈಗೆ ಸೂಜಿ. ಒಂದು ಬೆಳಿಗ್ಗೆ ಡಾಕ್ಟರು ನಿಮ್ಮಪ್ಪನನ್ನು ಹೊರಗೆ ಕರೆದು, ಇನ್ನು ಮನೆಗೆ ಒಯ್ಯುವುದು ಒಳ್ಳೆಯದು ಎಂದರಂತೆ. ಹಾಗೆಂದರೆ ಏನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಆ ಮರುದಿನವೇ ನಮ್ಮ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗು ಬರುವುದಿತ್ತು. ಗ್ಯಾಂಗಿನವರು ಪಾಳಿಯ ಪ್ರಕಾರ ಬರುತ್ತಾರೆ. ಬಂದ ದಿನ ಮನೆಯಲ್ಲಿ ಹೆಣವಿದ್ದರೆ ಅವರು ಮುಂದಿನ ಹೊಲಕ್ಕೆ ಹೋಗುತ್ತಾರೆ. ಮತ್ತೆ ಯಾವಾಗ ಬರುತ್ತಾರೋ ಹೇಳಲಾಗದು, ಕಬ್ಬು ನಿಂತಲ್ಲೇ ಒಣಗುತ್ತದೆ. ನಾನು ಹಗಲಿನಲ್ಲಿ ಸತ್ತು ಸಂಜೆಗೆ ಮಣ್ಣಾದರೆ ಗ್ಯಾಂಗು ಉಳಿಯುತ್ತದೆ. ಆದರೆ ಸಂಜೆಗೆ ಮಣ್ಣಾಗಬೇಕಾದರೆ ಬೀಗರು ಬಂದಿರಬೇಕು, ಬೀಗರು ಬರಬೇಕಾದರೆ ಮಧ್ಯಾಹ್ನದ ಸುದ್ದಿಯಲ್ಲಿ ಹೆಸರು ಬಂದಿರಬೇಕು. ಕೇಂದ್ರದವರು ಹೆಸರನ್ನು ಊಟದ ಹೊತ್ತಿಗಿಂತ ಮೊದಲೇ ತೆಗೆದುಕೊಳ್ಳುತ್ತಾರೆ. ನಿಮ್ಮಪ್ಪ ದವಾಖಾನೆಯ ಮೆಟ್ಟಿಲ ಮೇಲೆ ನಿಂತು ಫೋನ್ ಹಚ್ಚಿದ. ನಾನು ಒಳಗೆ ಉಸಿರಾಡುತ್ತಿದ್ದೆ. ಇದನ್ನು ನನಗೆ ಹೇಳಿದವಳು ನಿಮ್ಮವ್ವ, ಗಂಡನ ಜೊತೆ ಜಗಳವಾಡಿದ ಒಂದು ದಿನ. "ಹೆಂಗೂ ಮನಿ ಮುಟ್ಟೂದಿಲ್ಲ" ಎಂದು ಆತ ಆಕೆಗೆ ಹೇಳಿದ್ದನಂತೆ. ನಿಮ್ಮಪ್ಪನ ಮೇಲೆ ನನಗೆ ಸಿಟ್ಟಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಆತ ಕೆಟ್ಟವನೆಂದು ಬರೆದರೂ ಸುಳ್ಳೇ. ಆ ಕಬ್ಬಿಗೆ ನಾನೂ ನೀರು ಹಾಯಿಸಿದ್ದೆ.

ಗಾಡಿಯಲ್ಲಿ ನನ್ನನ್ನು ಮಲಗಿಸಿದರು. ಡ್ರೈವರನು ರೇಡಿಯೋ ಹಚ್ಚಿದ್ದ. ನನಗೆ ಅರ್ಧ ಎಚ್ಚರವಿತ್ತು. ಹುಡುಗಿಯ ಧ್ವನಿ ಘೋಡಗೇರಿ ಎಂದಿತು, ಆಮೇಲೆ ನಿಮ್ಮ ಅಜ್ಜನ ಹೆಸರು ಹೇಳಿತು. ಪಾಪ, ಇವರು ಹೋಗಿ ಎಷ್ಟು ವರ್ಷವಾಯಿತು, ಈಗ ಯಾಕೆ ಹೇಳುತ್ತಾರೆ ಎಂದುಕೊಂಡೆ. ಆಗ ಧ್ವನಿ "ಅವರ ಪತ್ನಿ" ಎಂದಿತು. ಡ್ರೈವರನು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ. ನಿಮ್ಮಪ್ಪ ಕೈ ಚಾಚಿ ರೇಡಿಯೋ ಆರಿಸಿದ.

ದಾರಿಯಲ್ಲಿ ತೆಗ್ಗುಗಳಿಗೆ ಲೆಕ್ಕವಿಲ್ಲ, ಗಾಡಿ ತೆವಳುತ್ತ ಊರು ಮುಟ್ಟಲು ಬಹಳ ಹೊತ್ತು ಹಿಡಿಯಿತು. ಆ ಕುಲುಕಿಗೆ ಎದೆಯ ಕಫ ಸಡಿಲಾಯಿತೆಂದು ಕೆಲವರೆನ್ನುತ್ತಾರೆ, ಕೊನೆಯ ಇಂಜೆಕ್ಷನ್ ತಡವಾಗಿ ಹಿಡಿಯಿತೆಂದು ಕೆಲವರು. ಊರು ಮುಟ್ಟುವ ಹೊತ್ತಿಗೆ ನಾನು ಕಣ್ಣು ತೆರೆದಿದ್ದೆ. ಓಣಿಯ ತುಂಬ ಮಂದಿ. ನಮ್ಮ ಮನೆಯ ಮುಂದೆ ತಾಡಪತ್ರಿಯ ನೆರಳು ಹಾಕಿದ್ದರು. ಮಸಗುಪ್ಪಿಯಿಂದ ನಿಮ್ಮ ಸೋದರತ್ತಿಯ ಗಂಡನ ಮನೆಯವರು ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಹೆಂಗಸರು ಓಣಿಯ ತಿರುವಿನಿಂದಲೇ ಹಾಡಾಡಿ ಅಳುತ್ತ ಬರುತ್ತಿದ್ದರು. ನನ್ನ ರೊಟ್ಟಿ, ನನ್ನ ಸಣ್ಣ ಧ್ವನಿ, ಎಲ್ಲವೂ ಆ ಅಳುವಿನಲ್ಲಿತ್ತು. ಬದುಕಿರುವಾಗ ನನಗೆ ಒಂದು ಒಳ್ಳೆಯ ಮಾತು ಹೇಳದ ಹಿಂದಿನ ಓಣಿಯ ಮುದುಕಿ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು. ಗಾಡಿಯ ಬಾಗಿಲು ತೆರೆದಾಗ ನನ್ನ ಕಣ್ಣಿಗೆ ಕಣ್ಣು ಕೂಡಿದವಳು ಅವಳೇ. ಅಳು ನಿಲ್ಲಿಸಿ, ಪಕ್ಕದವಳಿಗೆ, "ಇನ್ನೂ ಐತೆವಾ" ಎಂದಳು.

ಒಳಗೆ ತಂದು ಮಲಗಿಸಿದರು. ಇನ್ನೇನು ಎಂಬಂತೆ ಎಲ್ಲರೂ ಸುತ್ತ ಕೂತರು. ಸಾವಿನ ಮನೆಯಲ್ಲಿ ಮಣ್ಣಾಗುವ ತನಕ ಒಲೆ ಹೊತ್ತಿಸುವಂತಿಲ್ಲ. ಬಂದವರು ಬೆಳಗಿನ ಚಹಾದ ಮೇಲೆ ಬಂದವರು. ಹೊತ್ತು ಇಳಿಯಿತು, ಮಕ್ಕಳು ಹಸಿದು ಅಳತೊಡಗಿದರು. ಬೀಗರ ಹೆಂಗಸೊಬ್ಬಳು ಬಾಗಿ ನನ್ನ ಮೂಗಿಗೆ ಬೆರಳು ಹಿಡಿದು ನೋಡಿ, ನಿಮ್ಮವ್ವನನ್ನು ಮೆಲ್ಲಗೆ, "ಇನ್ನೆಷ್ಟೊತ್ತ ಆಗಬಹುದ್ರಿ?" ಎಂದು ಕೇಳಿದಳು. ಬಸ್ಸು ತಪ್ಪುತ್ತದೆಂಬ ಚಿಂತೆ ಆಕೆಗೆ. ಕೊನೆಗೆ ಹಿರಿಯರೊಬ್ಬರು ನಿಮ್ಮಪ್ಪನಿಗೆ ಬೈದು, ಒಲೆ ಹಚ್ಚಿರಿ ಎಂದರು. ಅಂದು ನಾನು ಬದುಕಿದ್ದೇನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಡುಗೆಮನೆಯಿಂದ ಹೊಗೆ ಬಂದದ್ದು ನೋಡಿ ಮಂದಿ ಎದ್ದರು.

ತವರಿನವರು ಕೊನೆಯ ಸೀರೆ ತರಬೇಕು, ನಿಮಗೆ ಗೊತ್ತು. ತಮ್ಮ ತಂದಿದ್ದ. ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಕೂತಿದ್ದ, ಏಳುವಾಗ ಕೆಳಗೆ ಬಿತ್ತು. ಜಾಳಾದ ಬಟ್ಟೆ, ಆಚೆ ಈಚೆ ಕಾಣುವಂಥದು. ಮಣ್ಣಿನಲ್ಲಿ ಯಾರು ನೋಡುತ್ತಾರೆಂದು ಆರಿಸಿದ್ದು. ತಮ್ಮ ಅದನ್ನು ತಿರುಗಿ ಒಯ್ಯಲು ಹೋದ. ಆತನ ಹೆಂಡತಿ ತಡೆದಳು.

"ಇರ್ಲಿ ಬಿಡ್ರಿ. ಹೆಣದ ಸೀರಿ ಅಂಗಡ್ಯಾಗ ತಿರಿಗಿ ತಗೊಳ್ಳೂದಿಲ್ಲ. ಎಂದರ ಬೇಕಾಗತೈತಿ."

ಮರುದಿನ ಗ್ಯಾಂಗು ಬಂತು. ಕಬ್ಬು ಕಡಿದರು. ನನ್ನನ್ನು ಹೂಳಲು ತೋಡಿದ್ದ ಕುಣಿಯನ್ನು ಖಾಲಿ ಬಿಡಬಾರದೆಂದು ಅದರಲ್ಲೊಂದು ಕೋಳಿಯನ್ನು ಹಾಕಿ ಮುಚ್ಚಿದರು.

ನಾನು ಕೂತು ಗಂಜಿ ಕುಡಿಯುವಂತಾದ ಮೇಲೆ ತಮ್ಮನ ಫೋನ್ ಬಂತು. ಅಕ್ಕ ಮಧ್ಯಾಹ್ನದ ಸುದ್ದಿ ಕೇಳಿದ್ದಳು. ಆವತ್ತಿನಿಂದ ಊಟ ಬಿಟ್ಟಿದ್ದಾಳೆ, ಒತ್ತಾಯಿಸಿದರೆ ಒಂದು ಗುಟುಕು ಚಹಾ. ನಾನು ಬದುಕಿದ್ದೇನೆಂದು ಮನೆಯವರೆಲ್ಲ ಹೇಳಿದರು. ಓಣಿಯವರನ್ನು ಕರೆಸಿ ಹೇಳಿಸಿದರು. ಎಷ್ಟು ಮಂದಿ ಹೇಳಿದರೋ ಆಕೆಗೆ ಅಷ್ಟು ಖಾತ್ರಿಯಾಯಿತು. ಫೋನನ್ನು ಆಕೆಯ ಕಿವಿಗೆ ಹಿಡಿಸಿದೆ. ಕೆಮ್ಮಿ ಕೆಮ್ಮಿ ನನ್ನ ಧ್ವನಿ ಒಡೆದಿತ್ತು. ಅಕ್ಕಾ, ನಾನು ಎಂದೆ. ಆಕೆ ಸ್ವಲ್ಪ ಕೇಳಿ, ನನಗಲ್ಲ, ತಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು.

"ಈ ಆಟ ನಾ ಆಡಿದ್ದು. ನನಗ ಕಲಸಬ್ಯಾಡ್ರಿ. ಸತ್ತಾಳಂತ ರೇಡಿಯೋದಾಗ ಹೇಳ್ಯಾರ. ಇಲ್ಲಂತ ರೇಡಿಯೋದಾಗ ಹೇಳಲಿ, ಉಣತೇನಿ."

ಅದರ ಮೇಲೆ ಇನ್ನೊಂದು ಆಗಿತ್ತು. ಸುದ್ದಿ ಓದುವ ಹುಡುಗಿಗೆ ನನ್ನ ಮೇಲೆ ಪ್ರೀತಿ. ನಾನು ಸತ್ತ ವಾರವೇ, ನಮ್ಮನ್ನು ಅಗಲಿದ ಆ ತಾಯಿಯ ನೆನಪಿಗೆ ಎಂದು ಹೇಳಿ, ನನ್ನ ರೊಟ್ಟಿಯ ಮಾತನ್ನು ಮತ್ತೆ ಹಾಕಿದ್ದಳು. ಅಕ್ಕ ಅದನ್ನೂ ಕೇಳಿದ್ದಳು.

ಈಗ ಮಾಡಬೇಕಾದದ್ದು ಸಣ್ಣ ಕೆಲಸ. ನಾನು ಬದುಕಿದ್ದೇನೆಂದು ರೇಡಿಯೋದಲ್ಲಿ ಒಂದು ಮಾತು ಹೇಳಿಸಬೇಕು, ಇಲ್ಲವೇ ನಾನೇ ಕಣಗಲಾಕ್ಕೆ ಹೋಗಬೇಕು. ಹೋಗುವುದಕ್ಕೆ ತಮ್ಮನ ಹೆಂಡತಿ ಒಪ್ಪಲಿಲ್ಲ. ನನಗಾಗಿ ಆ ಮನೆಯಲ್ಲಿ ಅತ್ತಾಗಿದೆ, ಸಾವಿನ ಸ್ನಾನವಾಗಿದೆ. ಹಾಗೆ ಅತ್ತು ಕಳೆದವಳು ಅಮವಾಸ್ಯೆ ದಾಟುವ ತನಕ ಹೊಸ್ತಿಲು ತುಳಿದರೆ ಮನೆಗೆ ಕೇಡು ಎಂದು ಫೋನಿನಲ್ಲೇ ಹೇಳಿಬಿಟ್ಟಳು. ಅಮವಾಸ್ಯೆ ಇನ್ನೂ ದೂರವಿತ್ತು. ಅಕ್ಕನ ಹೊಟ್ಟೆ ಅಷ್ಟು ದಿನ ತಡೆಯುವಂಥದಲ್ಲ.

ಕೇಂದ್ರಕ್ಕೆ ನಿಮ್ಮವ್ವ ಫೋನ್ ಹಚ್ಚಿದಳು. ಅಲ್ಲಿನ ಮುಖ್ಯಸ್ಥರು ಫೋನಿಗೆ ಬಂದರು. ಸಾವಿನ ಸುದ್ದಿ ಯಾರು ಕೊಟ್ಟಿದ್ದರೋ ಅವರೇ ಫೋನ್ ಮಾಡಿ ತಪ್ಪಾಯಿತೆಂದು ಹೇಳಬೇಕು, ಬೇರೆಯವರ ಮಾತಿನ ಮೇಲೆ ತಾವು ಓದುವುದಿಲ್ಲ ಎಂದರು. ಸತ್ತವರೇ ಬಂದು ಹೇಳಿದರೆ ಎಂದು ನಿಮ್ಮವ್ವ ಕೇಳಿದಳು. ಅದಕ್ಕೆ ನಿಯಮವಿಲ್ಲವಂತೆ.

ರಾತ್ರಿ ಊಟಕ್ಕೆ ಕೂತಾಗ ನಾನು ನಿಮ್ಮಪ್ಪನನ್ನು ಕೇಳಿದೆ. ಜೀವಮಾನದಲ್ಲಿ ನಾನು ಆತನನ್ನು ಏನಾದರೂ ಕೇಳಿದ್ದು ಅದೇ. ಆತ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಯವ್ವಾ, ಮೂರ ತಾಲೂಕಿನ ಮಂದಿ ಕೇಳತಾರ ಅದನ್ನ. ತಾಯಿ ಸಾಯೂಕ್ಕಿಂತ ಮೊದಲ ಸತ್ತಳಂತ ಹೇಳಿದಾಂವ ನಾನ ಅಂತ ನಾನ ಹೇಳಲೇನು? ನೀ ಬದಕಿದ್ದು ನಿನಗ ಗೊತ್ತೈತಿ, ನನಗ ಗೊತ್ತೈತಿ. ಸಾಕಲ್ಲ."

"ಅಕ್ಕಗ ಗೊತ್ತಿಲ್ಲಪಾ."

"ಅಕಿ ಇನ್ನೆಷ್ಟ ದಿನದಾಕಿ?"

ಅದಾದ ಮೇಲೆ ನಾನು ಆತನನ್ನು ಕೇಳಲಿಲ್ಲ.

ದಾರಿ ಹುಡುಕಿದವಳು ಆ ಹುಡುಗಿಯೇ. ಸುದ್ದಿಯಲ್ಲಿ ಆಗದಿದ್ದರೆ ಸಂಜೆಯ 'ಕಟ್ಟಿ ಮಾತಿ'ಗೆ ಬರ್ರಿ, ಅಲ್ಲಿ ಯಾರು ಬೇಕಾದರೂ ಮಾತಾಡಬಹುದು, ನೀವೇ ನಿಮ್ಮ ಬಾಯಿಂದ ಅಕ್ಕನಿಗೆ ಹೇಳಿರಿ ಎಂದಳು. ತಮ್ಮನಿಗೆ ಹೇಳಿ ಆ ಹೊತ್ತಿಗೆ ಅಕ್ಕನ ಡಬ್ಬಿ ಹಚ್ಚಿಸುವುದೆಂದಾಯಿತು. ನಿಮ್ಮವ್ವ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಗೊಬ್ಬರದ ಅಂಗಡಿಯ ಬಾಜೂ ಮೆಟ್ಟಿಲು ಏರಲು ನನಗೆ ಬಹಳ ಹೊತ್ತು ಹಿಡಿಯಿತು. ಗೋಡೆಗೆಲ್ಲ ಗೋಣಿತಾಟು ಬಡಿದ ಸಣ್ಣ ಕೋಣೆ, ಗೊಬ್ಬರದ ವಾಸನೆ ಅಲ್ಲಿಗೂ ಬರುತ್ತಿತ್ತು. ಮುಖದ ಮುಂದೆ ಮೈಕು. ಹುಡುಗಿ ನನ್ನ ಕೈ ಹಿಡಿದುಕೊಂಡೇ ಶುರು ಮಾಡಿದಳು. ನಾನು ಬದುಕಿ ಅಲ್ಲಿ ಕೂತಿದ್ದೇನೆಂದು, ಮೊದಲು ಹೇಳಿದ್ದು ತಪ್ಪೆಂದು, ಚೆನ್ನಾಗಿಯೇ ಹೇಳಿದಳು. ಆಮೇಲೆ ನನಗೆ ಸನ್ನೆ ಮಾಡಿದಳು.

ಬಸ್ಸಿನಲ್ಲಿ ಅಷ್ಟು ದೂರವೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಮೈಕು ನೋಡಿದ ಕೂಡಲೇ ಎಲ್ಲವೂ ಹೋಯಿತು. ಹಿಂದೊಮ್ಮೆ ಅದರ ಮುಂದೆ ಏನು ಹೇಳಿದ್ದೆನೋ ಅದೇ ಬಾಯಿಗೆ ಬಂತು.

"ನಮಸ್ಕಾರ್ರಿ. ನಾ ಘೋಡಗೇರಿಯಾಕಿ."

ಮುಂದೆ ಮಾತಿಲ್ಲ. ಹುಡುಗಿ ನನ್ನ ಕೈ ಒತ್ತಿದಳು. ಅಷ್ಟರಲ್ಲಿ ಫೋನ್ ಬಂತು. ಯಾವ ಊರಿನವನೋ, ನಗೆಯ ಧ್ವನಿ.

"ಅಮ್ಮಾರ, ಅಲ್ಲೆ ಮ್ಯಾಲೆ ಹೆಂಗೈತ್ರಿ? ಕರೆಂಟ್ ಹಗಲ ಕೊಡತಾರೇನ, ಇಲ್ಲಿ ಗತೆ ರಾತ್ರಿನ ಕೊಡತಾರೇನ್ರಿ?"

ಹುಡುಗಿ ಆ ಫೋನ್ ಕಡಿದಳು. ಇನ್ನೊಂದು ಬಂತು. ಒಬ್ಬ ಹೆಂಗಸು, ತಾನು ನನ್ನ ಸಾವಿಗೆ ಬಂದು ಗಂಟಲು ಹರಿಯುವಂತೆ ಅತ್ತಿದ್ದೆನೆಂದೂ, ಒಂದು ದಿನದ ಕೆಲಸ ಹೋಯಿತೆಂದೂ, ಮುಂದಿನ ಸಲ ಪೂರ್ತಿ ಸತ್ತ ಮೇಲೆ ಹೇಳಿಸಬೇಕೆಂದೂ ಹೇಳಿದಳು. ಅದೂ ನಗುತ್ತಲೇ. ಆಕೆಯ ಧ್ವನಿ ನನಗೆ ಗುರುತಿನದೇ ಇತ್ತು. ಮೂರನೆಯವನು ನನ್ನ ಗಂಡ ಅಲ್ಲಿ ಸಿಕ್ಕರೋ ಎಂದು ಕೇಳಿದ. ಕೊನೆಗೆ ಹುಡುಗಿ, ಅಕ್ಕನಿಗೆ ಏನಾದರೂ ಹೇಳಿರಿ ಎಂದಳು. "ಉಣ್ಣು ಅಕ್ಕಾ" ಎಂದೆ. ಅಷ್ಟೇ ಆಯಿತು, ಹೊತ್ತು ಮುಗಿಯಿತು. ಕೆಳಗೆ ಇಳಿದಾಗ ಗೊಬ್ಬರದ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ ತನ್ನ ಆಳಿಗೆ ಏನೋ ಹೇಳಿದ. ಇಬ್ಬರೂ ನಗು ಕಾಣಿಸದಂತೆ ಗೋಡೆಯ ಕಡೆ ಮುಖ ಮಾಡಿದರು. ಬಸ್ಸಿನಲ್ಲಿ ನಿಮ್ಮವ್ವ ನನಗೆ ಕಿಟಕಿಯ ಬದಿಗೆ ಜಾಗ ಮಾಡಿಕೊಟ್ಟಳು. ಆಮೇಲೆ, ಆದರೂ ಧ್ವನಿ ಕೇಳಿಸಿತಲ್ಲ ಎಂದಳು.

ಕೇಳಿಸಿತ್ತು. ಕಣಗಲಾದಲ್ಲಿ ಆದದ್ದನ್ನು ತಮ್ಮ ಆಮೇಲೆ ಹೇಳಿದ. ಆ ಹೊತ್ತಿಗೆ ಆತನ ಹೆಂಡತಿಯ ಧಾರಾವಾಹಿ. ಟಿವಿಯ ಸದ್ದಿನಲ್ಲಿ ಡಬ್ಬಿ ಹಚ್ಚುವುದು ತಡವಾಯಿತು. ಹುಡುಗಿ ಮೊದಲು ಹೇಳಿದ್ದೆಲ್ಲ ಹೋಗಿತ್ತು. ಅಕ್ಕನಿಗೆ ಕೇಳಿಸಿದ್ದು "ನಮಸ್ಕಾರ್ರಿ, ನಾ ಘೋಡಗೇರಿಯಾಕಿ" ಎಂಬಲ್ಲಿಂದ, ಅಂದರೆ ಆಕೆ ನೂರು ಸಲ ಕೇಳಿದ ಅದೇ ಮಾತು. ಆಮೇಲೆ ಯಾರೋ ಒಬ್ಬ, ಮೇಲೆ ಹೇಗಿದೆ ಎಂದು ನನ್ನನ್ನು ಕೇಳಿದ್ದು. ನಡುವೆ ಆ ಹೆಂಗಸು ಆಡಿದ್ದು ಟಿವಿಯ ಸದ್ದಿನಲ್ಲಿ ಮುಳುಗಿತ್ತು, ಆಮೇಲೆ ಇನ್ನೊಬ್ಬ, ಗಂಡ ಸಿಕ್ಕರೋ ಎಂದದ್ದು. ಅಕ್ಕ ಒಂದು ನಗೆಯನ್ನೂ ಕೇಳಲಿಲ್ಲವೋ, ಕೇಳಿಯೂ ನಗೆಯೆಂದು ತಿಳಿಯಲಿಲ್ಲವೋ. ಎಲ್ಲ ಮುಗಿದ ಮೇಲೆ, ಈಗ ಸತ್ತವರನ್ನೂ ಮಾತಾಡಿಸುತ್ತಾರೆ, ಎಂಥ ಕಾಲ ಬಂತು ಎಂದು ಗೋಡೆಯ ಕಡೆ ಹೊರಳಿದಳಂತೆ. ಆ ದಿನ ಚಹಾವನ್ನೂ ಬಿಟ್ಟಳು.

ಮರುದಿನ ನಸುಕಿನಲ್ಲಿ ನಾನು ಯಾರಿಗೂ ಹ್ಞೂಂ ಎನ್ನದೆ ಹೊರಟೆ. ನಿಮ್ಮವ್ವನಿಗೆ ಗೊತ್ತಿತ್ತು ಎನಿಸುತ್ತದೆ. ಬಾಗಿಲ ಚಿಲಕ ತೆಗೆದಿಟ್ಟಿತ್ತು. ಹುಕ್ಕೇರಿಗೆ ಒಂದು ಬಸ್ಸು, ಸಂಕೇಶ್ವರಕ್ಕೆ ಇನ್ನೊಂದು, ಅಲ್ಲಿಂದ ಹೆದ್ದಾರಿಯ ಬಸ್ಸು. ಚಳಿಗೆ ಕೈಕಾಲು ಸೆಟೆದಿದ್ದವು. ಕಣಗಲಾದಲ್ಲಿ ಇಳಿದು ತವರಿನ ಓಣಿಗೆ ಬಂದಾಗ, ಬಾಗಿಲಿಗೆ ನೀರು ಹಾಕುತ್ತಿದ್ದ ತಮ್ಮನ ಹೆಂಡತಿ ಕೊಡ ಕೈಯಲ್ಲಿ ಹಿಡಿದು ನಿಂತಳು. ಹೊಸ್ತಿಲಿಗೆ ಅಡ್ಡ ನಿಂತಳು ಎಂದರೂ ಸರಿಯೇ.

"ನಾ ಹೇಳಿದ್ದಿಲ್ಲೇನ್ರಿ ಅಕ್ಕಾರ ನಿಮಗ?"

ನಾನು ಆಕೆಯ ಕಂಕುಳಿನ ಕೆಳಗೆ ಬಗ್ಗಿ ಒಳಗೆ ಹೋದೆ. ಅಂಥ ಧೈರ್ಯ ಎಲ್ಲಿಂದ ಬಂತೋ. ಹಿಂದೆ ಆಕೆ ಕೊಡದ ನೀರನ್ನೆಲ್ಲ ಹೊಸ್ತಿಲಿನ ಮೇಲೆ ಸುರಿದದ್ದು ಕೇಳಿಸಿತು.

ಅಕ್ಕ ಮಂಚದಲ್ಲಿ ಒಂದು ಹಿಡಿಯಾಗಿ ಬಿದ್ದಿದ್ದಳು. ನಾನು ಪಕ್ಕದಲ್ಲಿ ಕೂತು ಆಕೆಯ ಕೈ ಹಿಡಿದೆ. ಆಕೆ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು, ರೊಟ್ಟಿ ತಟ್ಟಿ ಗಟ್ಟಿಯಾದ ಅಂಗೈ, ಬಳೆಯಿಲ್ಲದ ಮಣಿಕಟ್ಟು. ಗುರುತು ಹಿಡಿದಳು. ಮುಖ ಅರಳಿತು. ಕೆಲಸವಾಯಿತು ಎಂದುಕೊಂಡೆ.

"ಎಷ್ಟ ತಣ್ಣಗದಾವ ನಿನ್ನ ಕೈ," ಎಂದಳು. "ಕರಕೊಂಡ ಹೋಗಾಕ ಬಂದೀಯೇನ?"

ಇಲ್ಲ ಅಕ್ಕಾ, ನಾನು ಸತ್ತಿಲ್ಲ ಎಂದೆ. ಆಕೆಯ ಅಂಗೈಗೆ ನನ್ನ ಉಸಿರು ಊದಿದೆ. ಎದೆಯ ಮೇಲೆ ಆಕೆಯ ಕೈ ಇಟ್ಟುಕೊಂಡೆ. ಗ್ಯಾಂಗಿನ ಕಥೆ, ಫೋನಿನ ಕಥೆ ಎಲ್ಲವನ್ನೂ ಹೇಳಿದೆ. ನನ್ನ ಜೀವನದಲ್ಲಿ ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೊಂದೇ ಸಲ. ಅದೇ ಕೆಡಿಸಿತೋ ಏನೋ.

"ಇದ್ದಾಗ ಇಷ್ಟ ಮಾತಾಡತಿದ್ದಿಲ್ಲ ನೀ," ಎಂದಳು ಅಕ್ಕ. "ಸುಳ್ಳರ ಎಂದೂ ಹೇಳತಿದ್ದಿಲ್ಲ. ಸತ್ತಮ್ಯಾಲೆ ಕಲತೀಯೇನ?"

ಬಾಗಿಲಲ್ಲಿ ತಮ್ಮನ ಹೆಂಡತಿ ನಕ್ಕಳು. ತಟ್ಟೆಯಲ್ಲಿ ನುಚ್ಚು ಮಜ್ಜಿಗೆ ತಂದು ನನ್ನ ಮುಂದೆ ಇಟ್ಟು, ನಿಮ್ಮ ಮಾತಾದರೂ ಕೇಳುತ್ತಾಳೋ ನೋಡಿರಿ, ನಮಗೆ ಸಾಕಾಗಿದೆ, ನಾಳೆ ಹೆಚ್ಚುಕಡಿಮೆಯಾದರೆ ಊಟ ಹಾಕದೆ ಕೊಂದರೆಂದು ಊರು ನಮ್ಮನ್ನೇ ಆಡಿಕೊಳ್ಳುತ್ತದೆ ಎಂದಳು. ನಾನು ತುತ್ತು ಕಲಸಿ ಅಕ್ಕನ ತುಟಿಗೆ ಹಿಡಿದೆ. ಆಕೆ ತುಟಿ ಬಿಗಿದಳು.

"ಹೋಗಾಕತ್ತಮ್ಯಾಲೆ ಊಟಾ ಯಾಕ? ನಡೀ."

ಎದ್ದು ಕೂಡಲು ನೋಡಿದಳು, ಆಗಲಿಲ್ಲ. ನನ್ನ ಕೊರಳಿಗೆ ಕೈ ಹಾಕಿದಳು, ಎತ್ತಿಕೋ ಎನ್ನುವಂತೆ. ನಾನು ಚಿಕ್ಕವಳಿದ್ದಾಗ ಹೊಳೆಗೆ ಹೋಗುವಾಗ ಆಕೆ ನನ್ನನ್ನು ಎತ್ತಿಕೊಳ್ಳುತ್ತಿದ್ದಳು. ಆ ಹಗುರ ಮೈ ನನ್ನ ಎದೆಗೆ ತಾಗಿದಾಗ ನನಗೆ ತಿಳಿಯಿತು: ಬದುಕಿದವಳ ಮಾತನ್ನು ಈಕೆ ಕೇಳುವುದಿಲ್ಲ, ಸತ್ತವಳ ಮಾತಾದರೆ ಕೇಳುತ್ತಾಳೆ.

"ಹೂಂ, ಕರಕೊಂಡ ಹೋಗಾಕನ ಬಂದೇನಿ," ಎಂದೆ. "ಆದ್ರ ಇವತ್ತಲ್ಲ."

"ಯಾಕ?"

"ನಿನ್ನ ಹೆಸರ ಇನ್ನೂ ರೇಡಿಯೋದಾಗ ಬಂದಿಲ್ಲ. ಬರೂತನಾ ಒಳಗ ತಗೊಳ್ಳೂದಿಲ್ಲ ಅಲ್ಲೆ."

ಅಕ್ಕ ಯೋಚಿಸಿದಳು. "ನಿಂದ ಬಂದಿತ್ತು," ಎಂದಳು.

"ಬಂದಿತ್ತು. ಅದಕ್ಕ ತಗೊಂಡ್ರು."

"ನಂದ ಯಾವಾಗ ಹೇಳತಾರ?"

"ನನಗೇನ ಗೊತ್ತವಾ. ದಿನಾ ಕೇಳಬೇಕು. ಕೇಳಾಕ ಮೈಯಾಗ ಕಸುವ ಬೇಕಲ್ಲ. ಉಣ್ಣು."

ಬಾಯಿ ತೆರೆದಳು. ತಟ್ಟೆ ಮುಗಿಯುವ ತನಕ ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನಗುತ್ತಿರಲಿಲ್ಲ. ನಾನು ಹೊರಡುವಾಗ, ಇನ್ನು ತಿಂಗಳಿಗೊಮ್ಮೆ ಬಂದು ಹೀಗೆಯೇ ಹೇಳಿ ಹೋಗಿರಿ, ಆದರೆ ಹಿತ್ತಲ ಬಾಗಿಲಿನಿಂದ ಬರ್ರಿ ಎಂದಳು.

ಆವತ್ತಿನಿಂದ ಅಕ್ಕ ಉಣ್ಣುತ್ತಾಳೆ. ಮಧ್ಯಾಹ್ನ ಸುದ್ದಿ ಶುರುವಾಗುವ ಹೊತ್ತಿಗೆ ತಲೆ ಬಾಚಿಸಿಕೊಂಡು, ಸೆರಗು ಸರಿ ಮಾಡಿಕೊಂಡು ಕಿಟಕಿಗೆ ಕಿವಿ ಕೊಡುತ್ತಾಳೆ. ಸತ್ತವರ ಹೆಸರುಗಳು ಮುಗಿದ ಕೂಡಲೇ ತಟ್ಟೆ ಕೇಳುತ್ತಾಳೆ. ಹೆಸರು ಬಂದ ದಿನ ಕೇಳುವುದಕ್ಕೆ ತಾನಿರುವುದಿಲ್ಲ ಎಂದು ಆಕೆಗೆ ಹೊಳೆದಿಲ್ಲ, ನಾನು ಹೇಳಿಲ್ಲ. ಓಣಿಯ ಹುಡುಗರು ಕಿಟಕಿಯ ಹೊರಗೆ ನಿಂತು ರೇಡಿಯೋದ ಧ್ವನಿ ಮಾಡಿ, "ಕಣಗಲಾದ..." ಎಂದು ತಡೆದು ನಿಲ್ಲಿಸಿ, ಆಕೆ ಎದ್ದು ಕೂಡುವುದನ್ನು ನೋಡಿ ಓಡುತ್ತಾರೆ. ನಾನು ತಿಂಗಳಿಗೊಮ್ಮೆ ಹಿತ್ತಲಿನಿಂದ ಹೋಗುತ್ತೇನೆ. ಒಳಗೆ ಹೋಗುವ ಮೊದಲು ಕೈಗಳನ್ನು ತೊಟ್ಟಿಯ ನೀರಿನಲ್ಲಿ ಅದ್ದುತ್ತೇನೆ. ಹೋದ ಸಲ ನೀವು ನನ್ನ ಜೊತೆ ಬಂದಾಗ, ನೀವೂ ಸತ್ತಿರೇನೋ ಎಂದು ಆಕೆ ಕೇಳಿದ್ದಕ್ಕೆ ನೀವು ಹೆದರಿದಿರಿ. ಹೆದರಬೇಡಿರಿ. ಆಕೆಗೆ ಅದು ನೆಂಟರ ಊರಿಗೆ ಹೋದಿರೋ ಎಂದು ಕೇಳಿದಂತೆ.

ಈ ತಿಂಗಳು ಹೋದಾಗ ಅಕ್ಕನಿಗೆ ಸಿಟ್ಟು ಬಂದಿತ್ತು. ಮಸಗುಪ್ಪಿಯದು ಹೇಳುತ್ತಾರೆ, ಘೋಡಗೇರಿಯದು ಹೇಳುತ್ತಾರೆ, ನಿನ್ನೆ ಮೊನ್ನೆ ಹಾಸಿಗೆ ಹಿಡಿದವರದೂ ಹೇಳುತ್ತಾರೆ, ಕಣಗಲಾದ್ದೆಂದರೆ ಅವರಿಗೆ ಅಸಡ್ಡೆ ಎಂದು ಬೈದಳು. ಆಮೇಲೆ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು, ತಮ್ಮನ ಹೆಂಡತಿಗೆ ಕೇಳಿಸದಂತೆ ಹೇಳಿದಳು.

"ಆ ಹುಡುಗಿ ನಿನ್ನ ಗುರುತಿನಾಕಿ ಅಲ್ಲೇನ? ವಶೀಲಿ ಹಚ್ಚಿ ನಂದೊಂದ ಓದಸ ನೋಡೂಣು."

"ಹೇಳತೇನಿ," ಎಂದು ಇನ್ನೊಂದು ತುತ್ತು ಕಲಸಿದೆ.